ಮರಿ ದುರ್ಬೀನಿಗೆ ಮಾವ ಹಾಕಿದ ಗಂಟು

ನನ್ನ ಮಾವನಿಗೆ ಶನಿಯ ಮೇಲೆ ವಿಪರೀತ ಸಿಟ್ಟಿತ್ತು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ಅವರ ಎಡಗಣ್ಣು ಪೊರೆ ಬಂದು ಮುಚ್ಚಿಹೋಗಿತ್ತು, ಬಲಗಣ್ಣೂ ದಿನದಿಂದ ದಿನಕ್ಕೆ ಮಬ್ಬಾಗುತ್ತಿತ್ತು. ಇದೆಲ್ಲ ಏಳರಾಟದ ಶನಿಯದೇ ಕೆಲಸ ಎಂದು ಜೋಯಿಸರು ಹೇಳಿಬಿಟ್ಟಿದ್ದರು. ನಾನು ಚಳ್ಳಕೆರೆಯಲ್ಲಿ ಮೇಷ್ಟ್ರು. ಊರು ಬಿಟ್ಟು ಹೊರಟ ಇಂಜಿನಿಯರ್ ದೊರೆಯೊಬ್ಬ ತನ್ನ ಹಿತ್ತಾಳೆಯ ದುರ್ಬೀನನ್ನು ನನಗೆ ಕೊಟ್ಟುಹೋದ ಸುದ್ದಿ ಮಾವನಿಗೆ ಮುಟ್ಟಿತು. ನಾನು ಅವರ ಮನೆಗೆ ಹೋದಾಗ ಅದೇ ಮಾತು ತೆಗೆದರು.

"ಅಳಿಯಂದ್ರೇ, ಈ ಕಣ್ಣು ಪೂರ್ತಿ ಹೋಗೋದ್ರೊಳಗೆ ಆ ಮಹಾಶಯನ್ನ ಒಂದ್ಸಲ ತೋರಿಸ್ರಿ" ಎಂದರು.

ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. "ಅವನು ನಮ್ಮನ್ನ ನೋಡಿದ್ದು ಸಾಲ್ದಾ? ನಾವೇ ಹೋಗಿ ಅವನ್ನ ನೋಡ್ಬೇಕಾ?"

ಮುಂದಿನ ರಜಕ್ಕೆ ದುರ್ಬೀನನ್ನು ಗಾಡಿಯ ಹುಲ್ಲಿನ ಮೇಲೆ ಮಲಗಿಸಿಕೊಂಡು ಬಂದೆ. ಬಂದದ್ದೇನೋ ಬಂದೆ, ಅದರೊಳಗೆ ಕಾಣುವ ಆಕಾಶ ರಾಗಿಕಾಳಿನಷ್ಟು. ಎರಡು ಸಂಜೆ ಮಾಳಿಗೆಯ ಮೇಲೆ ಕತ್ತು ನೋಯುವಷ್ಟು ತಡಕಾಡಿದೆ. ಬರಿಗಣ್ಣಿಗೆ ಎದುರಿಗೇ ಹೊಳೆಯುವ ಶನಿ ಕೊಳವೆಯೊಳಗೆ ಬರಲೊಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ದುರ್ಬೀನು ನಿಲ್ಲಿಸಿದ್ದ ಮುಕ್ಕಾಲಿಗೆ ಒದ್ದು ಕಾಲ್ಬೆರಳು ಊದಿಸಿಕೊಂಡೆ. ಮಾವ ಪಕ್ಕದಲ್ಲಿ ಕೂತು "ಸಿಕ್ಕನಾ?" ಎಂದು ಕೇಳುತ್ತಲೇ ಇದ್ದರು.

ದೊಡ್ಡ ದುರ್ಬೀನಿನ ಬೆನ್ನಿಗೆ ಒಂದು ಮರಿ ದುರ್ಬೀನು ಕಟ್ಟಬೇಕಿತ್ತು. ಮರಿಯಲ್ಲಿ ಆಕಾಶ ಹೆಚ್ಚು ಕಾಣುತ್ತದೆ. ಅದರ ನಟ್ಟನಡುವೆ ಚುಕ್ಕೆಯನ್ನು ತಂದರೆ ದೊಡ್ಡದರಲ್ಲೂ ಅದು ಸಿಗುತ್ತದೆ. ಸರ್ವೆಯವರು ಬಿಸಾಡಿದ್ದ ಪುಟ್ಟ ದುರ್ಬೀನೊಂದು ನನ್ನ ಪೆಟ್ಟಿಗೆಯಲ್ಲಿತ್ತು. ಆದರೆ ನಡುವನ್ನು ತೋರಿಸುವ ಎಳೆಗಳು, ಅಡ್ಡಕ್ಕೊಂದು ಉದ್ದಕ್ಕೊಂದು, ಕಿತ್ತುಹೋಗಿದ್ದವು. ಮಗ್ಗದ ನೂಲು ಹಾಕಿ ನೋಡಿದೆ. ಒಳಗೆ ಬಾವಿಹಗ್ಗದಷ್ಟು ದಪ್ಪ ಕಂಡಿತು.

"ಕೊಡ್ರಿ ಇಲ್ಲಿ" ಎಂದು ಮಾವ ಆ ನೂಲನ್ನು ಉಗುರಿನಲ್ಲಿ ಬಿಡಿಸುತ್ತಾ ಹೋಗಿ, ಕೊನೆಗೆ ಒಂದೇ ಒಂದು ಎಳೆ ಬೇರೆ ಮಾಡಿದರು. ನನ್ನ ಎರಡು ಒಳ್ಳೆಯ ಕಣ್ಣಿಗೂ ಅದು ಸರಿಯಾಗಿ ಕಾಣಲಿಲ್ಲ. ಅವರು ಬರೀ ಬೆರಳಿನ ಅಂದಾಜಿನಲ್ಲೇ ಅದನ್ನು ಎರಡು ಎಳೆ ಮಾಡಿ ಗಂಜಿಯಿಂದ ಅಂಟಿಸಿ ಕೊಟ್ಟರು. ಕಣ್ಣಿಟ್ಟು ನೋಡುತ್ತೇನೆ, ಎಳೆಗಳು ಕೂಡುವ ಕಡೆ ಒಂದು ಗಂಟು.

"ಗಂಟು ಯಾಕೆ ಹಾಕಿದ್ರಿ ಮಾವ? ಚುಕ್ಕೆ ಅದರ ಹಿಂದೆ ಮರೆಯಾಗಲ್ವಾ?"

"ಎರಡು ಎಳೆ ಸೇರಿದ ಮೇಲೆ ಗಂಟು ಹಾಕ್ದೆ ಬಿಡ್ತಾರೇನ್ರಿ? ನೇಯೋ ಕೈ, ಹಂಗೇ ಬಿಡಲ್ಲ" ಎಂದರು.

ಮರುದಿನ ಹಗಲಲ್ಲೇ ಗುಡ್ಡದ ನೆತ್ತಿಯ ಬಂಡೆಯೊಂದನ್ನು ದೊಡ್ಡ ದುರ್ಬೀನಿನಲ್ಲಿ ಹಿಡಿದೆ. ಮರಿಯನ್ನು ಅದರ ಬೆನ್ನಿಗೆ ದಾರದಿಂದ ಬಿಗಿದು, ಗಂಟು ಅದೇ ಬಂಡೆಯ ಮೇಲೆ ಕೂರುವ ತನಕ ಸಂದಿಗೆ ಬಿದಿರ ಚೂರು ತುರುಕಿದೆ. ದೀಪ ಹಚ್ಚುವ ಹೊತ್ತಿಗೆ ಶನಿಯತ್ತ ತಿರುಗಿಸಿದೆ. ಮರಿಯಲ್ಲಿ ಚುಕ್ಕೆ ಮೆಲ್ಲಗೆ ಸರಿದು ಬಂತು, ಗಂಟಿನ ಹಿಂದೆ ಹೋಯಿತು, ಮಾಯವಾಯಿತು. ಅಯ್ಯೋ, ಮತ್ತೆ ಹೋಯಿತಲ್ಲ ಎಂದು ಹಲ್ಲು ಕಡಿದೆ. ಆಮೇಲೆ ಬುದ್ಧಿ ಬಂತು. ಗಂಟಿನ ಹಿಂದೆ ಮರೆಯಾಗಿದ್ದಾನೆ ಎಂದರೆ ನಟ್ಟನಡುವೆ ಇದ್ದಾನೆ ಎಂದೇ ಅರ್ಥ. ದೊಡ್ಡದಕ್ಕೆ ಕಣ್ಣಿಟ್ಟೆ. ಮಹಾಶಯ ಅಲ್ಲೇ ಇದ್ದ. ನನಗಾದ ಖುಷಿ ಅಷ್ಟಿಷ್ಟಲ್ಲ.

"ಬೇಗ ಬರ್ರಿ ಮಾವ, ಜಾರಿ ಹೋಗ್ತಾನೆ."

ಮಾವ ಬಲಗಣ್ಣು ಇಟ್ಟರು. ಅವರ ಕಣ್ಣಿಗೆ ಹೊಂದಲೆಂದು ತಿರುಪನ್ನು ಅವರ ಕೈಗೇ ಕೊಟ್ಟೆ. ಶನಿ ಹೇಗಿರುತ್ತಾನೆಂದು ನಾನು ಒಂದು ಮಾತೂ ಹೇಳಿರಲಿಲ್ಲ. ಅವರು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತಿರುವಿದರು. ಮತ್ತೆ ಹಿಂದಕ್ಕೆ. ತಡವಾಯಿತೇನೋ, ಆ ಕಣ್ಣೂ ಹೋಯಿತೇನೋ ಎಂದುಕೊಂಡೆ.

"ಕಾಣದಿದ್ರೆ ಇಲ್ಲ ಅಂತಾನೇ ಹೇಳ್ರಿ. ನನಗೆ ಬೇಜಾರಾಗ್ತದೆ ಅಂತ ಸುಳ್ಳು ಹೇಳ್ಬೇಡ್ರಿ" ಎಂದೆ.

ಮಾವ ಕಣ್ಣು ತೆಗೆಯದೆಯೇ ಕೆಳಗಿದ್ದ ಅತ್ತೆಯನ್ನು ಕೂಗಿದರು.

"ಬಾರೇ ಮೇಲಕ್ಕೆ, ಹೆದರಬ್ಯಾಡ. ಸುತ್ತ ಒಳ್ಳೆ ಅಂಚು ಐತೆ. ಆದ್ರೆ ಒಡಲಿಗೂ ಅಂಚಿಗೂ ನಡುವೆ ಸಂದು ಬಿಟ್ಟವ್ನೆ. ನಾನೇನಾದ್ರೂ ಹಿಂಗೆ ನೇಯ್ದಿದ್ರೆ ನಮ್ಮಪ್ಪ ಮಗ್ಗದಿಂದ ಎಬ್ಬಿಸಿ ಕಳಿಸ್ತಿದ್ದ."