ಮಿರರ್ ಒತ್ತಿ ತೆಗೆದ ಸ್ಕ್ರೂ

ವಾಡಿ ಪಟ್ಟಣದ ಒಂದು ವರ್ಕ್‌ಶಾಪಿನಲ್ಲಿ ನನ್ನ ಕೆಲಸ ಕಂಪ್ಯೂಟರಿನಲ್ಲಿ ಯಂತ್ರದ ಭಾಗಗಳ ಚಿತ್ರ ಬಿಡಿಸುವುದು. ಶಾಲೆ ಅರ್ಧಕ್ಕೇ ಬಿಟ್ಟವನು ನಾನು, ಇದನ್ನು ನೋಡಿ ನೋಡಿ ಕಲಿತೆ. ಆ ದಿನ, ಸವೆದುಹೋದ ಹಳೆಯವುಗಳ ಬದಲಿಗೆ, ಸಿಮೆಂಟ್ ಪುಡಿಯನ್ನು ಮುಂದಕ್ಕೆ ತಳ್ಳುವ ಎರಡು ಉದ್ದನೆಯ ಸ್ಕ್ರೂಗಳ, ಅಂದರೆ ಸುರುಳಿ ಪಟ್ಟಿ ಸುತ್ತಿದ ದಂಡಗಳ, ಚಿತ್ರ ಬಿಡಿಸಬೇಕಿತ್ತು. ಎರಡೂ ಅಕ್ಕಪಕ್ಕ ಇದ್ದು, ಒಂದೇ ಚೈನಿನಿಂದ ಒಂದೇ ಕಡೆ ತಿರುಗುವಂಥವು. ಎಡಗಡೆಯದನ್ನು ಬಿಡಿಸಿ, ಕನ್ನಡಿಯಲ್ಲಿ ಕಂಡಂತೆ ನಕಲು ತೆಗೆಯುವ ಮಿರರ್ ಬಟನ್ ಒತ್ತಿ ಬಲಗಡೆಯದನ್ನು ತೆಗೆದೆ. ಕಂಪ್ಯೂಟರ್ ಒಂದು ತಪ್ಪನ್ನೂ ತೋರಿಸಲಿಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ.

ಸುರುಳಿಗೆ ಬೇಕಾದ ಕಬ್ಬಿಣದ ಪ್ಲೇಟ್ ಕತ್ತರಿಸಲು ಮಾಲಕರಿಗೆ ಅವಸರ.

“ಏನ್ ನೋಡ್ಲಿಕತ್ತಿ, ಹೆಣ್ಣು ನೋಡಿದಂಗ? ಫೈಲ್ ಕೊಡು.”

“ಜರಾ ನಿಂದರ್ರಿ ಮಾಲಕ್ರ. ನನಗ್ಯಾಕೋ ಡೌಟ್ ಅದ.”

ಮೇಜಿನ ಮೇಲಿದ್ದ ಬೋಲ್ಟನ್ನು ಪರದೆಯ ಹತ್ತಿರ ಹಿಡಿದೆ. ಎಡಗಡೆಯ ಸ್ಕ್ರೂವಿನ ಸುರುಳಿ ಬೋಲ್ಟಿನ ಸುರುಳಿಯಂತೆಯೇ ಏರುತ್ತಿತ್ತು. ಬಲಗಡೆಯದು ಉಲ್ಟಾ ಏರುತ್ತಿತ್ತು. ಕನ್ನಡಿಯಲ್ಲಿ ಎಡಗೈ ಬಲಗೈ ಆಗುವಂತೆ ಮಿರರ್ ಸುರುಳಿಯನ್ನೂ ತಿರುಗಿಸಿಬಿಟ್ಟಿತ್ತು. ಹಾಗೇ ಕತ್ತರಿಸಿ ಸುತ್ತಿದ್ದರೆ ಒಂದು ಸ್ಕ್ರೂ ಪುಡಿಯನ್ನು ಮುಂದೆ ತಳ್ಳುತ್ತಿತ್ತು, ಇನ್ನೊಂದು ಹಿಂದೆ.

ಮಿರರ್ ನಕಲನ್ನು ಅಳಿಸಿದೆ. ಎಡಗಡೆಯದನ್ನೇ ಕಾಪಿ ಮಾಡಿ ಬಲಕ್ಕೆ ಸರಿಸಿದೆ. ಈಗ ಎರಡೂ ಒಂದೇ ತರಹ ಏರಿದವು.

ಅಷ್ಟರಲ್ಲಿ ಮಾಲಕರಿಗೂ ಅನುಮಾನ ಹತ್ತಿತ್ತು. “ಮತ್ತ ಎಡಗಡಿದು ಖರೇ ಅದ ಅಂತ ಯಾರ್ ಹೇಳ್ಯಾರ?”

“ಹಳೀ ಸ್ಕ್ರೂ ಹೊರಗ ಬಿದ್ದದಲ್ರಿ, ಅದಕ್ಕ ಬೋಲ್ಟ್ ಹಿಡಿದು ನೀವೇ ನೋಡ್ರಿ. ಅದೂ ಬೋಲ್ಟಿನಂಗೇ ಏರಿದ್ರ ಎಡಗಡಿದು ಖರೇ.”

ಬೋಲ್ಟ್ ಕಸಿದುಕೊಂಡು ಅವರು ಅಂಗಳಕ್ಕೆ ಹೋದರು. ವಾಪಸ್ ಬಂದು “ಬರೋಬ್ಬರಿ ಅದ” ಅನ್ನುವವರೆಗೆ ನಾನು ಫೈಲ್ ಕೊಡಲಿಲ್ಲ.