ಮೊದಲಿಗೇ ಬಂದ ಮಜ್ಜಿಗೆ

ಮೊನ್ನೆ ಮಣಿಪಾಲದಲ್ಲಿ ಒಂದು ಮದುವೆ ಔತಣ. ಬಾಗಿಲಲ್ಲೇ ನಡುವಯಸ್ಸಿನ ಹೆಂಗಸೊಬ್ಬರು ಮಜ್ಜಿಗೆಯ ಲೋಟ ಮುಂದೆ ಹಿಡಿದರು. ಇಂಗಿನ ಪರಿಮಳ ಮೂಗಿಗೆ ಬಡಿಯಿತು. ಗೋಡೆಯ ಟಿವಿಯಲ್ಲಿ, ಜಗತ್ತಿನ ದೊಡ್ಡ ಮಂಡಳಿಯಲ್ಲಿ ಭಾರತಕ್ಕೆ ಕಾಯಂ ಕುರ್ಚಿ ಸಿಗಬೇಕೆಂಬ ಚರ್ಚೆ. ನಮ್ಮ ಕಡೆ ಯಾರ್‍ಯಾರಿದ್ದಾರೆ ಎಂದು ಒಬ್ಬರು ಬೆರಳು ಮಡಚುತ್ತಿದ್ದರು. ನನಗೆ ಗೋಪಾಲ ಚಿಕ್ಕಪ್ಪ ನೆನಪಾಗದೆ ಇರುತ್ತಾರೆಯೇ?

ಚಿಕ್ಕಪ್ಪ ಕಾಪುವಿನವರು. ಮನೆಯ ಬಾವಿಯನ್ನು ಕಡಲು ನುಂಗಿದ ಮೇಲೆ ಊರು ಬಿಟ್ಟು, ಹೊರದೇಶದಲ್ಲಿದ್ದ ನಮ್ಮ ರಾಯಭಾರಿಯೊಬ್ಬರ ಮನೆಗೆ ಅಡುಗೆಗೆ ಸೇರಿದರು. ರಜೆಯಲ್ಲಿ ಬಂದರೆ ಜಗಲಿಯೇ ಅವರ ವಿದೇಶಾಂಗ ಇಲಾಖೆ. ನಾವು ಬಾಯಿ ಬಿಟ್ಟು ಕೇಳುತ್ತಿದ್ದೆವು, ಅರ್ಥವಾದದ್ದು ಅಷ್ಟಕ್ಕಷ್ಟೇ.

"ದೇಶ ದೊಡ್ಡದಾಗುವುದು ಎಲ್ಲಿ ಗೊತ್ತುಂಟಾ ಮಾರಾಯ? ಊಟದ ಮೇಜಿನಲ್ಲಿ. ಉಂಡ ಮನೆಗೆ ಎರಡು ಬಗೆಯುವವರು ಉಂಟಾ?"

ಆ ಕಾಲದಲ್ಲೊಮ್ಮೆ ಒಂದು ಜಾಗತಿಕ ಸಮಿತಿಯಲ್ಲಿ ನಮಗೆ ಕುರ್ಚಿ ಬೇಕಿತ್ತು. ಪುಟ್ಟ ದ್ವೀಪದೇಶವೊಂದರ ಪ್ರತಿನಿಧಿ ಮತ್ತೆ ಮತ್ತೆ ಬಂದು, ಕೈಯಲ್ಲೇ ಕಲಸಿ, ಚಿಕ್ಕಪ್ಪನ ಸಿಹಿ-ಖಾರದ ಅನಾನಸು ಮೆಣಸ್ಕಾಯಿ ಕೇಳಿ ಹಾಕಿಸಿಕೊಂಡು ಉಂಡರು. ಮತ ನಿಮಗೇ ಎಂದರು. ಮತದ ದಿನ ಅವರ ಕೈ ನಮ್ಮ ಎದುರಾಳಿಗೆ ಎದ್ದಿತು. ನಾವು ಸೋತೆವು.

ಚಿಕ್ಕಪ್ಪನಿಗೆ ಸಿಡಿಲು ಬಡಿದಂತಾಯಿತು. ಅದಕ್ಕಿಂತ ದೊಡ್ಡ ಸಿಡಿಲು ಅದೇ ವಾರ ಬಿತ್ತು: ಆ ಮನುಷ್ಯನನ್ನೇ ರಾಯಭಾರಿಗಳು ತಬ್ಬಿಕೊಂಡು ಮತ್ತೆ ಊಟಕ್ಕೆ ಕರೆತಂದರು! ಇನ್ನೊಂದು ಮತ ಮುಂದೆ ಬರುತ್ತದಲ್ಲ. ಇದನ್ನು ಕೇಳಿ ನನಗೂ ಮೈ ಉರಿದಿತ್ತು. ಇಷ್ಟು ನಾಚಿಕೆ ಬಿಟ್ಟೂ ದೇಶ ಬೆಳೆಯಬೇಕೆ?

ನಮ್ಮ ಕಡೆ ಎಲೆಗೆ ಮಜ್ಜಿಗೆ ಬಂತೆಂದರೆ ಊಟ ಮುಗಿಯಿತು, ಏಳಿ ಎಂದರ್ಥ. ಚಿಕ್ಕಪ್ಪ ಆ ಅತಿಥಿಗೆ ಉಪ್ಪು ಉಪ್ಪಿನಕಾಯಿಗೂ ಮೊದಲು ಮಜ್ಜಿಗೆ ತಂದಿಟ್ಟರು. ಎದ್ದು ನಡೆ ಎನ್ನಲು ಅವರಿಗೆ ಗೊತ್ತಿದ್ದ ಭಾಷೆ ಅದೊಂದೇ. ಅತಿಥಿ ಗಟಗಟನೆ ಕುಡಿದು ಇನ್ನೊಂದು ಲೋಟ ಕೇಳಿದರು. ಉತ್ತರ ಭಾರತದ ಕಡೆಯವರಾದ ರಾಯಭಾರಿಗಳು ಹಿಗ್ಗಿ, "ಇನ್ನು ಎಲ್ಲರಿಗೂ ಮೊದಲು ಇದೇ ಬರಲಿ" ಎಂದುಬಿಟ್ಟರು. ಚಿಕ್ಕಪ್ಪನ ಬೈಗುಳ ಹೀಗೆ ಸರಕಾರಿ ಸ್ವಾಗತವಾಯಿತು.

ಊಟವಾದ ಮೇಲೆ ಅತಿಥಿ ಅಡುಗೆಮನೆಗೇ ಬಂದರು. ಚಿಕ್ಕಪ್ಪನಿಗೆ ಸಹಿಸಲಾಗಲಿಲ್ಲ. "ಉಂಡು ಹೀಗೆ ಮಾಡಬಹುದಾ?" ಎಂದು ತಮ್ಮ ಹರಕು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು.

ಆ ಮನುಷ್ಯ ತಲೆ ತಗ್ಗಿಸಿ ಹೇಳಿದರಂತೆ: "ನೀವು ಊಟ ಹಾಕಿದಿರಿ. ಅವರು ನಮ್ಮ ಊರಿಗೆ ತಡೆಗೋಡೆ ಕಟ್ಟುತ್ತಾರೆ. ನನ್ನ ತಾಯಿಯ ಮನೆ ಅರ್ಧ ಕಡಲಲ್ಲಿ ಉಂಟು."

ಚಿಕ್ಕಪ್ಪ ಇದನ್ನು ಹೇಳಿ, "ಅಷ್ಟು ಸಲ ಬಡಿಸಿದೆ ಮಾರಾಯ. ನಿಮ್ಮ ಮನೆ ಎಲ್ಲಿ ಅಂತ ಸಾಹೇಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮದೇ ಬಾವಿ ಹೋಗಿತ್ತು, ಅಲ್ವಾ?" ಎಂದರು.

ಟಿವಿಯಲ್ಲಿ ಬೆರಳುಗಳು ಇನ್ನೂ ಮಡಚಿಕೊಳ್ಳುತ್ತಿದ್ದವು. ಆ ಕುರ್ಚಿ ನಮಗೆ ಸಿಗಲಿ ಎಂಬ ಆಸೆ ನನಗೇನು ಕಡಿಮೆಯಿಲ್ಲ.

"ಎಂತ, ಮಜ್ಜಿಗೆ ಬೇಡ್ವಾ?" ಎಂದರು ಆ ಹೆಂಗಸು. ಲೋಟ ತೆಗೆದುಕೊಂಡೆ. ಮಾತಿಗೆಂದು, "ನಿಮ್ಮ ಮನೆ ಎಲ್ಲಿ?" ಎಂದೆ.

"ಹೂಡೆಯಲ್ಲಿ, ಕಡಲ ಬದಿಗೆ," ಎಂದು ಅವರು ಮುಂದಿನ ಲೋಟಕ್ಕೆ ಕೈ ಹಾಕಿದರು. "ಕಳೆದ ಮಳೆಗಾಲದವರೆಗೆ ಇತ್ತು."