ಬದನೆಕಾಯಿ ಬ್ಯಾಚು

ನನ್ನ ವಿದ್ಯಾರ್ಥಿನಿಯ ಕೈ ನಡುಗಬಹುದು. ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿಯಬಹುದು. ಸೂಜಿ ತಾಗುವ ಮೊದಲೇ ನಾನು ಕಿರುಚಬಹುದು. ಆಗ ನನ್ನ ನರ್ಸಿಂಗ್ ಹುಡುಗಿಯರೆಲ್ಲ ಮತ್ತೆ ಮನೆಗೆ, ಮತ್ತೆ ಫೋನಿಗೆ.

ಕೊರೊನಾ ಕಾಲದಲ್ಲಿ ಇವರು ಇಂಜೆಕ್ಷನ್ ಕಲಿತದ್ದೇ ಫೋನಿನ ವಿಡಿಯೋ ಪಾಠದಲ್ಲಿ, ಬದನೆಕಾಯಿಗೆ ಚುಚ್ಚಿ. ಕಲಿಸಿದವಳು ನಾನು. ಕಾಲೇಜು ತೆರೆದ ಮೇಲೆ ಹೊನ್ನಾಳಿಯ ಆಸ್ಪತ್ರೆಯೊಂದಕ್ಕೆ ಕರೆತಂದರೆ, ವಾರ್ಡಿನ ಹಿರಿಯ ಸಿಸ್ಟರ್ ಬಾಗಿಲಲ್ಲೇ ತಡೆದರು.

“ಬದನೆಕಾಯಿ ಅಯ್ಯಪ್ಪಾ ಅನ್ನಲ್ಲ ಮೇಡಂ, ರೋಗಿ ಅಂತಾನೆ. ಇವ್ರನ್ನ ಒಳಗೆ ಬಿಡಾಕೆ ಆಗಲ್ಲ.”

ನನಗೆ ರೇಗಿತು. ಹಿಂದಿನ ದಿನವಷ್ಟೇ ಗೇಟಿನ ತಗಡು ನನ್ನ ಬೆರಳು ಕುಯ್ದಿತ್ತು.

“ನಂಗೆ ಹೆಂಗೂ ಟಿಟಿ ಇಂಜೆಕ್ಷನ್ ಹಾಕಿಸ್ಬೇಕೈತೆ. ಮೊದ್ಲು ನನಗೇ ಚುಚ್ಚಲಿ, ನೀವೇ ನಿಂತು ನೋಡ್ರಿ,” ಎಂದು ರವಿಕೆಯ ತೋಳು ಏರಿಸಿ ಕೂತೆ. ಮೊದಲು ಹೇಳಿದ ಭಯಗಳೆಲ್ಲ ಶುರುವಾದದ್ದು ಕೂತ ಮೇಲೆ.

ಬಿಳಿಚೋಡು ಊರಿನ ಹುಡುಗಿ ಮುಂದೆ ಬಂದಳು. ಔಷಧಿ ಎಳೆದಳು, ಗಾಳಿ ತೆಗೆದಳು, ತೋಳು ಒರೆಸಿ ಚುಚ್ಚಿದಳು. ನಾನು ಕಿರುಚಲಿಲ್ಲ. ಸಿಸ್ಟರ್ ಬಾಗಿಲಿನಿಂದ ಸರಿದು, “ಬರ್ರಮ್ಮ ಒಳಗೆ,” ಎಂದರು.

ಎಡವಟ್ಟಾದದ್ದು ಒಂದೇ. ಸೂಜಿ ತೆಗೆದ ಹುಡುಗಿ ಫೋನ್ ಪಾಠದ ಅಭ್ಯಾಸದಲ್ಲಿ, “ಕಾಣ್ತೈತಾ ಮೇಡಂ?” ಎಂದಳು.

ನಾನು ಗಂಭೀರವಾಗಿ, “ಕಾಣ್ತೈತೆ, ಫೋನು ಒಂಚೂರು ಹತ್ತಿರ ಹಿಡಿ,” ಎಂದೆ.